ಒಂದು ಕಪ್ಪು, ಮೇಲೊಂದು ಚಮಚ

ನನ್ನ ಬಳಿ 1990ರ ಒಂದು ಮಾಜ್ದಾ ಮಿಯಾಟಾ ಕಾರಿದೆ. ಎರಡೇ ಸೀಟು, ಬಟ್ಟೆಯ ಚಾವಣಿ, ಗುಂಡಿ ಒತ್ತಿದರೆ ಕಪ್ಪೆಯ ಕಣ್ಣಿನಂತೆ ಮೇಲೇಳುವ ಹೆಡ್‌ಲೈಟು. ಇಷ್ಟು ಬಿಟ್ಟರೆ ಅದರಲ್ಲಿ ಏನಿದೆಯೆಂದು ನನ್ನ ಹೆಂಡತಿಯೂ, ಇಷ್ಟಿದ್ದ ಮೇಲೆ ಇನ್ನೇನು ಬೇಕೆಂದು ನಾನೂ ಹನ್ನೊಂದು ವರ್ಷಗಳಿಂದ ವಾದಿಸುತ್ತ ಬಂದಿದ್ದೇವೆ. ನಾವಿರುವುದು ಮಿಷಿಗನ್ನಿನಲ್ಲಿ, ಡೆಟ್ರಾಯ್ಟಿನ ಹೊರವಲಯದಲ್ಲಿ. ಕಾರಿನ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರೇ ತುಂಬಿರುವ ನಮ್ಮ ಬೀದಿಯಲ್ಲಿ, ಕಂಪ್ಯೂಟರಿನ ಮುಂದೆ ಕೂತು ಬೆನ್ನು ಬಗ್ಗಿದ ನನ್ನಂಥವನು ಮನೆಯಲ್ಲೇ ಎಂಜಿನ್ ಬದಲಿಸಲು ಹೊರಟದ್ದು ಕಮ್ಮಾರರ ಕೇರಿಯಲ್ಲಿ ಸೂಜಿ ಮಾರಲು ಹೊರಟಂತೆಯೇ ಸರಿ.

ಕಾರಣವಿಲ್ಲದೆ ಹೊರಟೆನೆಂದಲ್ಲ. ಒಂದು ದಿನ ಬಾನೆಟ್ ಎತ್ತಿ ನಿಂತಿದ್ದಾಗ ಪಕ್ಕದ ಮನೆಯ ಹಿರಿಯರು ಬೇಲಿಯಾಚೆಯಿಂದಲೇ ನೋಡಿ, ಎಂಜಿನ್ನಿನ ಮುಂದಿನ ಪುಲ್ಲಿ ಕುಣಿಯುತ್ತಿದೆಯೆಂದರು. ಹಿಂದಿನ ಮಾಲೀಕ ಯಾವಾಗಲೋ ಟೈಮಿಂಗ್ ಬೆಲ್ಟ್ ಬದಲಿಸುವಾಗ ಎಂಜಿನ್ನಿನೊಳಗೆ ತಿರುಗುವ ಮುಖ್ಯ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟಿನ, ಬೋಲ್ಟನ್ನು ಸರಿಯಾಗಿ ಬಿಗಿ ಮಾಡಿರಲಿಲ್ಲ. ಅದು ಸಡಿಲಾಗಿ, ಒಳಗಿನ ಕೀಲಿ ಅಲುಗಾಡಿ ಅಲುಗಾಡಿ, ಕ್ರ್ಯಾಂಕ್‌ಶಾಫ್ಟಿನ ಮೂತಿಯೇ ಸವೆದು ಹೋಗಿತ್ತು. ಅದನ್ನು ಸರಿಪಡಿಸುವುದಕ್ಕಿಂತ ಬೇರೆ ಎಂಜಿನ್ ಕೂರಿಸುವುದೇ ಲೇಸೆಂದು ತೀರ್ಮಾನಿಸಿದೆ. ಹೇಗೂ ಬದಲಿಸುವುದೇ ಆದರೆ, 1994ರಿಂದ ಇದೇ ಕಾರಿಗೆ ಬಂದ ದೊಡ್ಡ ಎಂಜಿನ್ನನ್ನೇ ಏಕೆ ಹಾಕಬಾರದು? ಹಳೆಯದು 1,597 ಸಿ.ಸಿ., ಇದು 1,839 ಸಿ.ಸಿ.; ಹಳೆಯದರ ಬಲ 116 ಅಶ್ವಶಕ್ತಿ, ಇದರದು 128.

ನನ್ನ ಹೆಂಡತಿ ಇದನ್ನೆಲ್ಲ ಶಾಂತವಾಗಿ ಕೇಳಿಸಿಕೊಂಡು, ಒಂದರಿಂದ ಇನ್ನೊಂದನ್ನು ಕಳೆದು, ಅಡುಗೆಮನೆಗೆ ಹೋಗಿ ಕೇಕಿನ ಹಿಟ್ಟು ಅಳೆಯುವ ಕಪ್ಪಿನಲ್ಲಿ ನೀರು ತಂದಳು. ಒಂದು ಸಿ.ಸಿ. ಎಂದರೆ ಒಂದು ಮಿಲಿಲೀಟರ್; ಅಮೆರಿಕದ ಅಳತೆಯ ಒಂದು ಕಪ್ಪೆಂದರೆ 237 ಮಿಲಿಲೀಟರ್. ಅದರ ಮೇಲೆ ಒಂದು ಟೀ ಚಮಚ ನೀರು ಸುರಿದು ನನ್ನ ಮುಂದಿಟ್ಟಳು. "ರೀ, 242. ಇಷ್ಟಕ್ಕಾ?" ಎಂದಳು. ಒಂದು ಕಪ್ಪು, ಮೇಲೊಂದು ಚಮಚ ನೀರನ್ನು ನೋಡುತ್ತ ಕೂತವನಿಗೆ ಯಾವ ಉತ್ತರವೂ ಹೊಳೆಯದೆ ಅದನ್ನು ಕುಡಿದೆ.

ಸೆಪ್ಟೆಂಬರಿನಲ್ಲಿ ಹಾಸನದಿಂದ ಅಮ್ಮ ಬಂದರು. ಅದೇ ವಾರ ಬಾಡಿಗೆಯ ಕ್ರೇನೂ ಬಂತು. ಮಿಯಾಟಾದಲ್ಲಿ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳ ನಡುವೆ ಕೂತು ಅವನ್ನು ತಿರುಗಿಸುವ ಡಿಫರೆನ್ಶಿಯಲ್‌ವರೆಗೆ ಅಲ್ಯೂಮಿನಿಯಂನ ಉದ್ದನೆಯ ತೊಲೆಯೊಂದಿರುತ್ತದೆ. ಅದನ್ನು ಬಿಚ್ಚದೆ ಎಂಜಿನ್ನೂ ಗೇರ್‌ಬಾಕ್ಸೂ ಒಟ್ಟಾಗಿ ಹೊರಬರುವುದಿಲ್ಲ. ಆ ತೊಲೆಯ ಬೋಲ್ಟುಗಳು ಮೂವತ್ತು ವರ್ಷಗಳ ತುಕ್ಕಿನಲ್ಲಿ ಎಂಥ ನೆಮ್ಮದಿಯ ಬದುಕು ಕಂಡುಕೊಂಡಿದ್ದವೆಂದರೆ, ಎರಡು ವಾರಾಂತ್ಯ ಅವುಗಳ ಕೆಳಗೆ ಅಂಗಾತ ಮಲಗಿದ್ದ ನನಗೆ ಅವುಗಳ ಮೇಲೆ ಗೌರವವೇ ಹುಟ್ಟಿತು. ಮೂರನೆಯ ಶನಿವಾರ ಕ್ರೇನಿನ ಸರಪಳಿ ಬಿಗಿಯಾಯಿತು. ಒಂದೂವರೆ ಕ್ವಿಂಟಾಲಿಗೂ ಮಿಕ್ಕ ಆ ಸರಂಜಾಮು ಮೂತಿ ಮೇಲೆ, ಬಾಲ ಕೆಳಗೆ ಮಾಡಿಕೊಂಡು ನಿಧಾನವಾಗಿ ಎದ್ದಿತು. ಎದ್ದದ್ದೇ ತಡ, ಗೇರ್‌ಬಾಕ್ಸಿನ ಬಾಲದ ತೂತಿನಿಂದ ಎರಡು ಲೀಟರಿನಷ್ಟು ಆಯಿಲ್ ನನ್ನ ಎದೆಯ ಮೇಲೆಯೇ ಧಾರಾಕಾರವಾಗಿ ಸುರಿಯಿತು. ಆಯಿಲ್ ಮೊದಲೇ ಇಳಿಸಬೇಕು, ಇಲ್ಲವೇ ಆ ತೂತಿಗೆ ಪ್ಲಾಸ್ಟಿಕ್ ಚೀಲವನ್ನಾದರೂ ಕಟ್ಟಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ. ಗೇರ್ ಆಯಿಲಿನಲ್ಲಿ ಗಂಧಕವಿರುತ್ತದೆ, ಇಂಗಿನ ವಾಸನೆಗೂ ಗಂಧಕವೇ ಮೂಲ. ಈ ರಸಾಯನಶಾಸ್ತ್ರ ನನಗೆ ಅಂದೇ ಮನದಟ್ಟಾಯಿತು, ಏಕೆಂದರೆ ಒಳಗಿನಿಂದ ಅಮ್ಮ, "ಯಾರೇ ಇಂಗಿನ ಡಬ್ಬಿ ಚೆಲ್ಲಿದ್ದು?" ಎಂದು ಸೊಸೆಯನ್ನು ಕೂಗಿದ್ದು ಕೇಳಿಸಿತು.

ಹಳೆಯ ಎಂಜಿನ್ ಹೊರಗೆ, ಹೊಸತು ಕ್ರೇನಿನಲ್ಲಿ ನೇತಾಡುತ್ತಿರುವಾಗ ಆಯುಧಪೂಜೆ ಬಂತು. ಎಂಜಿನ್ ಕೂರಿಸಿದ ಮೇಲೆ ಮಾಡೋಣವೆಂದರೆ ಅಮ್ಮ ಒಪ್ಪಲಿಲ್ಲ. ಕಾರಿಗೊಂದು, ನೇತಾಡುವ ಎಂಜಿನ್ನಿಗೊಂದು, ಹೀಗೆ ಎರಡು ತೆಂಗಿನಕಾಯಿ ಒಡೆದು, ಎಂಜಿನ್ನಿನ ನೆತ್ತಿಗೆ ಅರಿಶಿನ ಕುಂಕುಮ ಹಚ್ಚಿ, ಸರಪಳಿಗೆ ಸೇವಂತಿಗೆ ಸಿಕ್ಕಿಸಿದರು. ಪೆಟ್ರೋಲಿನ ಪೈಪು ಬಾಯಿ ಬಿಟ್ಟುಕೊಂಡಿರುವ ಜಾಗದಲ್ಲಿ ಕರ್ಪೂರ ಹಚ್ಚಿದರೆ ಕಾರಿನ ಜೊತೆಗೆ ನಾವೂ ಮೇಲೇಳುತ್ತೇವೆಂದು ಗೋಗರೆದ ಮೇಲೆ ಮಂಗಳಾರತಿ ರಸ್ತೆಯಂಚಿಗೆ ಸರಿಯಿತು. ಕುಂಕುಮ ತುಂಬಿದ ಕುಂಬಳಕಾಯಿಯನ್ನು ಅಮ್ಮ ಅಲ್ಲಿಯೇ ಒಡೆದರು. ಎಲ್ಲರ ಮೆಟ್ಟಿಲ ಮೇಲೂ ಹ್ಯಾಲೋವೀನಿನ ಕುಂಬಳಕಾಯಿಗಳು ಸಾಲಾಗಿ ಕೂತಿದ್ದ ಕಾಲವಾದ್ದರಿಂದ ಯಾರೂ ಹುಬ್ಬೇರಿಸಲಿಲ್ಲ. ಕಷ್ಟವಾದದ್ದು ನಿಂಬೆಹಣ್ಣಿನ ವಿಷಯದಲ್ಲಿ. ನಾಲ್ಕು ಚಕ್ರಕ್ಕೂ ಒಂದೊಂದು ಹಣ್ಣಿಟ್ಟು ಅಮ್ಮ, "ಹೂಂ, ಗಾಡಿ ಬಿಡು" ಎಂದರು. ಬಿಡಲು ಎಂಜಿನ್ ಎಲ್ಲಿದೆ? ಪಕ್ಕದ ಮನೆಯ ಹಿರಿಯರನ್ನು ಕರೆದು, ಅವರೊಂದು ಕಡೆ ನಾನೊಂದು ಕಡೆ ನೂಕಿ, ನಾಲ್ಕೂ ಹಣ್ಣು ಪಿಚ್ಚೆನ್ನುವವರೆಗೆ ಕಾರನ್ನು ಮುಂದೆ ಸಾಗಿಸಿದೆವು. ಕಾರ್ಖಾನೆಯಲ್ಲಿದ್ದಷ್ಟು ವರ್ಷ ಇಂಥ ಪರೀಕ್ಷೆಯನ್ನು ತಾವು ಕಂಡಿರಲಿಲ್ಲವೆಂದು ಅವರು ಬಹಳ ಗಂಭೀರವಾಗಿ ಹೇಳಿದರು.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ವಿಧಿಯಿಲ್ಲ. ಬಿಚ್ಚಿದ ನಟ್ಟು ಬೋಲ್ಟುಗಳನ್ನು ನಾನು ಹದಿನಾಲ್ಕು ಜಿಪ್ ಚೀಲಗಳಲ್ಲಿ ಹಾಕಿ, ಪ್ರತಿಯೊಂದರ ಮೇಲೂ ಯಾವ ಭಾಗದ್ದೆಂದು ಬರೆದು ಗೋಡೆಗೆ ತೂಗುಹಾಕಿದ್ದೆ. ನನ್ನ ಜೀವನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಹಿಂದೆ ಮಾಡಿದವನಲ್ಲ. ಪೂಜೆಗೆಂದು ಗ್ಯಾರೇಜು ಗುಡಿಸಿದ ಅಮ್ಮ ಆ ಚೀಲಗಳನ್ನು ಕಂಡು ಮರುಗಿ, ಬೋಲ್ಟುಗಳನ್ನೆಲ್ಲ ಒಂದು ಖಾಲಿ ಉಪ್ಪಿನಕಾಯಿ ಜಾಡಿಗೆ ಸುರಿದು, ಚೀಲಗಳನ್ನು ಸೋಪು ಹಾಕಿ ತೊಳೆದು ಒಣಗಿಸಿದ್ದರು. ನಾನು ಕೈಕಾಲು ಬಿಟ್ಟು ನಿಂತಾಗ, "ಕೊತ್ತಂಬರಿ ಇಡಕ್ಕೆ ಆಗುತ್ತೆ ಕಣೋ, ಎಷ್ಟು ಒಳ್ಳೆ ಕವರು" ಎಂದರು.

ದೀಪಾವಳಿಯ ಹೊತ್ತಿಗೆ, ಜಾಡಿಯಿಂದ ಒಂದೊಂದೇ ಬೋಲ್ಟನ್ನು ತೆಗೆದು ಅದರ ಮನೆ ಹುಡುಕಿ ಸೇರಿಸುತ್ತ, ಎಂಜಿನ್ ಕೂರಿಸಿದೆ. ಕೀ ತಿರುಗಿಸಿದರೆ ಟಿಕ್ ಎಂಬ ಒಂದು ಸದ್ದು, ಅಷ್ಟೇ. ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಅರ್ತಿನ ವೈರು ಅನಾಥವಾಗಿ ನೇತಾಡುತ್ತಿರುವುದನ್ನು ಹಿರಿಯರು ತೋರಿಸಿಕೊಟ್ಟರು. ಅದನ್ನು ಬಿಗಿದ ಮೇಲೆ ಎಂಜಿನ್ ಶುರುವಾಯಿತು. ಗೇರು ಮಾತ್ರ ಬೀಳದೆ ಕರಕರನೆ ಅತ್ತಿತು. ಎಂಜಿನ್ ನಿಲ್ಲಿಸಿ, ಗೇರಿಗೆ ಹಾಕಿ, ಕ್ಲಚ್ಚನ್ನು ಪೂರ್ತಿ ಒತ್ತಿ ಹಿಡಿದು ಮತ್ತೆ ಕೀ ತಿರುಗಿಸಿದೆ. ಕ್ಲಚ್ ಬಿಡಲೊಲ್ಲದ ಕಾರು ಒಂದೇ ನೆಗೆತಕ್ಕೆ ಗೋಡೆಗೊರಗಿಸಿದ್ದ ಸೋನಾ ಮಸೂರಿಯ ಚೀಲಕ್ಕೆ ಹಾಯಿತು. ನಾಲ್ಕೂ ನಿಂಬೆಹಣ್ಣಿನ ಪುಣ್ಯದಿಂದ ಬಂಪರಿಗೆ ಏನೂ ಆಗಲಿಲ್ಲವೆಂದು ಅಮ್ಮ ಅಕ್ಕಿ ಬಳಿಯುತ್ತ ಹೇಳಿದರು.

ಎಂಜಿನ್ ಮತ್ತೆ ಹೊರಬಂತು, ಈ ಸಲ ತೂತಿಗೆ ಚೀಲ ಕಟ್ಟಿಕೊಂಡು. ಕ್ಲಚ್ ಪ್ಲೇಟನ್ನು ನಾನು ಹಿಂದುಮುಂದಾಗಿ ಹಾಕಿದ್ದೆ. ಯಾವ ಮುಖ ಎಂಜಿನ್ನಿನ ಹಿಂಬದಿಯ ಭಾರದ ಚಕ್ರದ, ಅಂದರೆ ಫ್ಲೈವೀಲಿನ, ಕಡೆಗಿರಬೇಕೆಂದು ಪ್ಲೇಟಿನ ಮೇಲೆ ದಪ್ಪಕ್ಷರದಲ್ಲಿ ಅಚ್ಚೊತ್ತಲಾಗಿತ್ತು. ಎರಡು ಡಿಗ್ರಿ ಪಡೆದ ನಾನು ಆ ಅಕ್ಷರಗಳನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ, ಹೊಳಪು ಬರಿಸಿ, ತಪ್ಪು ದಿಕ್ಕಿಗೆ ತಿರುಗಿಸಿ ಕೂರಿಸಿದ್ದೆ. ಡಿಸೆಂಬರ್ ಮತ್ತು ಜನವರಿ ಹಿಮದ ಪಾಲಾದವು. ಗ್ಯಾರೇಜಿನಲ್ಲಿ ಪಾನಾ ಹಿಡಿದರೆ ಕೈ ಅದಕ್ಕೇ ಅಂಟಿಕೊಳ್ಳುವಷ್ಟು ಚಳಿ.

ಅಮ್ಮ ಊರಿಗೆ ಹೊರಡುವ ಹಿಂದಿನ ಭಾನುವಾರ ರಸ್ತೆ ಒಣಗಿತ್ತು. ಎರಡನೆಯ ಸೀಟು ಯಾರಿಗೆಂಬ ಪ್ರಶ್ನೆಯೇ ಏಳಲಿಲ್ಲ. ಅಮ್ಮ ಶಾಲು ಸುತ್ತಿಕೊಂಡು ಕೂತರು. ನಾನು ಎರಡನೆಯ ಗೇರಿನಲ್ಲಿ ಎಂಜಿನ್ನನ್ನು ಕೊನೆಯವರೆಗೂ ಎಳೆದು, ಆ ಹೆಚ್ಚುವರಿ ಹನ್ನೆರಡು ಕುದುರೆಗಳನ್ನೂ ಒಮ್ಮೆಗೇ ಬಿಟ್ಟು, ಹೆಮ್ಮೆಯಿಂದ ಅವರ ಮುಖ ನೋಡಿದೆ.

"ಮೊದಲೂ ಹೀಗೇ ಹೋಗ್ತಿತ್ತಲ್ವೇನೋ?" ಎಂದರು. ಮಗನಿಗೆ ಬೇಸರವಾಯಿತೆಂದು ತಿಳಿದಿರಬೇಕು, ಸ್ವಲ್ಪ ದೂರ ಹೋದ ಮೇಲೆ, "ಸದ್ದು ಮಾತ್ರ ಜೋರಾಗಿದೆ ಕಣೋ, ಗುಡುಗಿದ ಹಾಗೆ" ಎಂದು ಸೇರಿಸಿದರು. ಆ ಗುಡುಗು ದೊಡ್ಡ ಎಂಜಿನ್ನಿನ ಗತ್ತೆಂದು ನಾನು ಸವಿಸ್ತಾರವಾಗಿ ವಿವರಿಸುತ್ತ ಮನೆ ತಲುಪಿದೆ. ಹಿರಿಯರು ಬೇಲಿಯ ಬಳಿ ನಿಂತು ಕಿವಿಗೊಟ್ಟು ಕೇಳಿ, ಏನೂ ಹೇಳದೆ ಒಳಗೆ ಬಂದು, ಗ್ಯಾರೇಜಿನ ಕಪಾಟಿನ ಮೇಲಿದ್ದ ಉಪ್ಪಿನಕಾಯಿ ಜಾಡಿಯನ್ನು ಅಲ್ಲಾಡಿಸಿದರು. ತಳದಲ್ಲಿ ಸೈಲೆನ್ಸರ್ ಪೈಪಿನ ಎರಡು ನಟ್ಟುಗಳು ಉಳಿದಿದ್ದವು.