ಸಾಧಕರ ಸೀಟು, ಸುಲಿಯುವವರ ಮಣೆ

ಮಲೆನಾಡಿನ ಲೆಕ್ಕದಲ್ಲಿ ಟಿವಿ ಕಾರ್ಯಕ್ರಮಗಳು ಎರಡೇ ಜಾತಿ: ಕಣ್ಣಿಟ್ಟು ನೋಡಬೇಕಾದವು, ಕಿವಿಯಲ್ಲೇ ನೋಡಬಹುದಾದವು. ಕ್ರಿಕೆಟ್ಟು, ಡ್ಯಾನ್ಸು ಮೊದಲನೆಯ ಜಾತಿ. ಅಡಿಕೆ ಸುಲಿಯುವಲ್ಲಿ ಅವು ನಡೆಯುವುದಿಲ್ಲ. ಮಣೆಗೆ ಕತ್ತಿ ನೆಟ್ಟ ಮೆಟ್ಟುಗತ್ತಿ ಏರಿ ಕೂತವರ ಕಣ್ಣು ಕತ್ತಿಯ ಮೇಲಿರಬೇಕು. ಸಿಕ್ಸರ್ ನೋಡಲು ತಲೆ ಎತ್ತಿದರೆ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಳ್ಳಬೇಕಾಗುತ್ತದೆ.

ಜೀ ಕನ್ನಡದ ‘ವೀಕೆಂಡ್ ವಿತ್ ರಮೇಶ್’ ಅಪ್ಪಟ ಎರಡನೆಯ ಜಾತಿ. 2014ರ ಆಗಸ್ಟಿನಲ್ಲಿ ಶುರುವಾದಾಗ ಸಾಧಕರ ಸೀಟಿನಲ್ಲಿ ಮೊದಲು ಕೂತವರು ಪುನೀತ್ ರಾಜಕುಮಾರ್. ಹುಟ್ಟಿದ ಊರು, ಹಳೆಯ ಫೋಟೊ, ಪಾಠ ಹೇಳಿದ ಮೇಷ್ಟ್ರು, ಕೈಕೊಟ್ಟ ಕಾಲ, ಕೈಹಿಡಿದವರು – ಹೀಗೆ ಜಾತಕ ಬಿಡಿಸಿದ ಹಾಗೆ ಸಾಗುವ ಕ್ರಮ. ರಮೇಶ್ ಅರವಿಂದ್ ದನಿ ಏರಿಸದೆ, ಅವಸರ ಮಾಡದೆ, ಬಂದವರು ಯಾರು, ಏನಾಗಬೇಕು ಎಂಬುದನ್ನು ಬಿಡಿಸಿ ಹೇಳುತ್ತಿದ್ದರು. ಪರದೆಗೆ ಬೆನ್ನು ಹಾಕಿ ಕೂತವರಿಗೂ ಒಳಗೆ ಬಂದದ್ದು ಅಕ್ಕನೋ ಅತ್ತಿಗೆಯೋ ಗೊತ್ತಾಗುತ್ತಿತ್ತು. ಇದು ರೇಡಿಯೋದ ಗುಣ. ಕಾರ್ಯಕ್ರಮ ಮನೆಮಾತಾದುದರಲ್ಲಿ ಕಣ್ಣೀರಿಗಿಂತ ಇದರ ಪಾಲೇ ಹೆಚ್ಚು.

ಹಳೇ ಗೆಳೆಯ ಒಳಗೆ ಬರುವ ಮುಂಚೆ ಜಾಹೀರಾತು ಬರುವುದಂತೂ ಖಂಡಿತ. ಗಂಟೆಗೆ 12 ನಿಮಿಷ ಎಂಬುದು ನಿಯಮ: ಹತ್ತು ಜಾಹೀರಾತಿಗೆ, ಎರಡು ವಾಹಿನಿಯ ಸ್ವಂತ ಪ್ರಚಾರಕ್ಕೆ. ಸುಲಿಯುವವರಿಗೆ ಇದು ದಂಡವಲ್ಲ. ಸಿಪ್ಪೆ ಬಾಚಿ ಹಾಕಿ, ಒಂದು ಲೋಟ ಕಾಫಿ ಕುಡಿದು, ಕತ್ತಿಗೆ ಸ್ವಲ್ಪ ಸಾಣೆ ಕೊಡುವಷ್ಟು ಹೊತ್ತು. ರಿಮೋಟು ಮಾತ್ರ ಮುಟ್ಟುವ ಹಾಗಿಲ್ಲ. ಅಡಿಕೆ ರಸದ ಚೊಗರು ಮೆತ್ತಿದ ಕೈ ತಾಗಿದ ಗುಂಡಿ ಎರಡೇ ದಿನಕ್ಕೆ ಕಪ್ಪಾಗಿ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ ಕೊಟ್ಟೆಯೊಳಗೆ ಹಾಕಿಟ್ಟರೆ ಬಾಳುತ್ತದೆ.

ಮಳೆಗಾಲದ ಕಂತುಗಳದ್ದು ಬೇರೆಯೇ ಪಾಡು. ಸುಮಾರು 36,000 ಕಿಲೋಮೀಟರ್ ಮೇಲಿನ ಉಪಗ್ರಹದಿಂದ ಸಲೀಸಾಗಿ ಇಳಿದ ಸಿಗ್ನಲ್ಲು ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ ಸೋಲುತ್ತದೆ. ಸಣ್ಣ ಡಿಶ್ ಹಿಡಿಯುವ ಕೆಯು ಬ್ಯಾಂಡಿನ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಯ ಮಳೆ ಅದನ್ನು ಹೀರಿಬಿಡುತ್ತದೆ. ಅದಕ್ಕೆ ಮದ್ದಿಲ್ಲ, ಹತ್ತು ನಿಮಿಷ ಕಾಯಬೇಕು. ಮಳೆ ನಿಂತ ಮೇಲೂ ಚಿತ್ರ ಬಾರದಿದ್ದರೆ ತಪ್ಪು ನಮ್ಮ ಮಾಡಿನ ಮೇಲೆಯೇ ಇದೆ. ಶಿವಮೊಗ್ಗದ ಕಡೆ ಡಿಶ್ಶಿನ ಮುಖ ಸಾಮಾನ್ಯವಾಗಿ ಆಗ್ನೇಯಕ್ಕೆ. ಗಾಳಿಗೆ ಬೋಲ್ಟ್ ಸಡಿಲಿ ಎರಡು ಡಿಗ್ರಿ ತಿರುಗಿದರೂ ಮುಗಿಯಿತು. ಅದೂ ಸರಿಯಿದ್ದರೆ ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಡಬ್ಬಿಗೆ, ಅಂದರೆ ಎಲ್‌ಎನ್‌ಬಿಗೆ, ಕೇಬಲ್ ಸೇರುವ ಕಡೆ ನೀರಿಳಿದು ಕಿಲುಬು ಹಿಡಿದಿರುತ್ತದೆ. ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ರಬ್ಬರ್ ಟೇಪು ಸುತ್ತಿ, ಕೇಬಲನ್ನು ಒಮ್ಮೆ ಕೆಳಗೆ ಜೋತುಬಿಟ್ಟು ಒಳಗೆ ತಂದರೆ ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಗುಡುಗು ಶುರುವಾಗುವ ಮೊದಲು ಪ್ಲಗ್ಗನ್ನೂ ಕೇಬಲನ್ನೂ ಎರಡನ್ನೂ ಕೀಳಬೇಕು. ಪ್ಲಗ್ ಒಂದನ್ನೇ ಕಿತ್ತವರ ಸೆಟ್‌ಟಾಪ್ ಬಾಕ್ಸು ರಿಪೇರಿಯ ಅಂಗಡಿಯಲ್ಲಿರುತ್ತದೆ.

ಕಾರ್ಯಕ್ರಮದ ಇಳಿಗಾಲಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬದುಕಿನ ಕಥೆಯನ್ನು ಒಬ್ಬರು ಒಮ್ಮೆ ಹೇಳಬಹುದು. ಎರಡನೆಯ ಸಲ ಅದೇ ಮೇಷ್ಟ್ರು ಬಂದರೆ ಅಚ್ಚರಿ ಎಲ್ಲಿಂದ ಬರಬೇಕು? ಮೊದಮೊದಲು ಆ ಸೀಟಿನಲ್ಲಿ ಮಾತ್ರ ಕೇಳಿಸುತ್ತಿದ್ದ ಮಾತು ಆಮೇಲೆ ಯೂಟ್ಯೂಬಿನ ಸಂದರ್ಶನಗಳಲ್ಲಿ ಮೊದಲೇ ಹರಿದಾಡಿರುತ್ತಿತ್ತು. 2023ರ ಮಾರ್ಚಿನಲ್ಲಿ ಐದನೆಯ ಆವೃತ್ತಿ ರಮ್ಯಾ ಅವರಿಂದ ಶುರುವಾದಾಗ ಇಂಗ್ಲಿಷ್ ಹೆಚ್ಚಾಯಿತೆಂದು ನೋಡುಗರು ಗೊಣಗಿದರು. ಕಿವಿಯಲ್ಲಿ ನೋಡುವವರ ದೂರು ಅದು, ನ್ಯಾಯವಾದದ್ದೇ. ಆ ಹೊತ್ತಿಗೆ ಇಲ್ಲಿ ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲೂ ಮುಗಿದು, ಮೆಟ್ಟುಗತ್ತಿಗಳು ಅಟ್ಟ ಸೇರಿದ್ದವು. ಸುಲಿತ ಮುಗಿದ ಮೇಲೆ ಬಂದ ಆವೃತ್ತಿ ಜೂನಿನಲ್ಲಿ, ಮುಂಗಾರು ಹಿಡಿಯುವ ಹೊತ್ತಿಗೆ, ಎದ್ದು ಹೋಯಿತು.

ಈಗ ಎಷ್ಟೋ ಕಡೆ ಸುಲಿಯುವ ಯಂತ್ರ ಬಂದಿದೆ. ಅದರ ಸದ್ದಿನಲ್ಲಿ ಯಾವ ಸಾಧಕರ ಮಾತೂ ಕೇಳದು. ಮೆಟ್ಟುಗತ್ತಿ ಉಳಿದಿರುವ ಕಡೆ ಒಬ್ಬೊಬ್ಬರ ಕಿವಿಯಲ್ಲಿ ಒಂದೊಂದು ಇಯರ್‌ಫೋನು, ಒಬ್ಬೊಬ್ಬರ ನಗು ಒಂದೊಂದು ಹೊತ್ತಿಗೆ. ಸುಲಿದದ್ದನ್ನು ಡಬ್ಬದಲ್ಲಿ ಅಳೆಯುವಾಗ ಮಾತ್ರ ಎಲ್ಲರೂ ಅದನ್ನು ಕಿತ್ತಿಡುತ್ತಾರೆ. ಲೆಕ್ಕ ಕೇಳಿಸಬೇಕಲ್ಲ.