ನೂರಿಪ್ಪತ್ತು ವರ್ಷದ ಹಾರೈಕೆ

ಯಹೂದಿ ಮದುವೆಗಳಲ್ಲಿ ಅವಿವಾಹಿತೆಯರಿಗೆ ಹೇಳುವ ‘ಬೆಕರೋವ್ ಎತ್ಸ್‌ಲೇಖ್’, ಅಂದರೆ ‘ಬೇಗನೆ ನಿನಗೂ ಆಗಲಿ’ ಎಂಬ ಹಾರೈಕೆಯಲ್ಲಿ ತಪ್ಪು ಹುಡುಕಬಾರದು ಎನ್ನುತ್ತಾರೆ ಇಂಥ ಹಾರೈಕೆಗಳ ಬಗ್ಗೆ ಬರೆದ ಲೇಖಕರೊಬ್ಬರು. ನಾನು ಒಪ್ಪಲಾರೆ. ಒಳ್ಳೆಯ ಮನಸ್ಸಿನ ಹಾರೈಕೆಯೂ ಕೇಳುವವರನ್ನು ನೋಯಿಸಬಹುದು.

ಮಂಗಳೂರಿನಿಂದ ಬಂದು ಇಸ್ರೇಲಿನಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿರುವವಳು ನಾನು. ನಾನು ನೋಡಿಕೊಳ್ಳುತ್ತಿದ್ದ ಅಜ್ಜಿಯ 93ನೇ ಹುಟ್ಟುಹಬ್ಬಕ್ಕೆ ಬಂದವರೆಲ್ಲ ‘ಅದ್ ಮೇಆ ವೆಎಸ್ರಿಮ್’, 120ರವರೆಗೆ ಬಾಳಿರಿ, ಎಂದು ಹರಸಿದರು. ಯಹೂದಿಗಳ ಪ್ರವಾದಿ ಮೋಶೆ ಬದುಕಿದ್ದು ಅಷ್ಟು ವರ್ಷ ಎನ್ನುತ್ತದೆ ಬೈಬಲ್. ಎಲ್ಲರೂ ಹೋದ ಮೇಲೆ ಅಜ್ಜಿ ನನ್ನ ಕೈ ಹಿಡಿದು, ‘ಇನ್ನೂ 27 ವರ್ಷ ಈ ಹಾಸಿಗೆಯಲ್ಲೇ?’ ಎಂದು ಕೇಳಿದರು. ನನಗೆ ಮಾತೇ ಹೊರಡಲಿಲ್ಲ. ಮೋಶೆಯ ಕಣ್ಣು ಮಬ್ಬಾಗಿರಲಿಲ್ಲ, ಕಸುವು ಕುಂದಿರಲಿಲ್ಲ ಎಂದೂ ಅದೇ ವಚನದಲ್ಲಿದೆ. ಹರಸುವವರು ಸಂಖ್ಯೆಯನ್ನಷ್ಟೇ ಉಳಿಸಿಕೊಂಡಿದ್ದಾರೆ.

ಗರ್ಭಿಣಿಯರಿಗೆ ಯಹೂದಿಗಳಲ್ಲಿ ಅನೇಕರು ‘ಮಜಲ್ ತೋವ್’, ಅಂದರೆ ಅಭಿನಂದನೆ, ಎನ್ನುವುದಿಲ್ಲ. ‘ಬೆಶಾಆ ತೋವಾ’, ಶುಭಗಳಿಗೆಯಲ್ಲಿ ಆಗಲಿ, ಎನ್ನುತ್ತಾರೆ. ಮಗು ಇನ್ನೂ ಕೈಗೆ ಬಂದಿಲ್ಲ ಎಂಬ ಎಚ್ಚರ ಅದು. ಎಷ್ಟು ಸೂಕ್ಷ್ಮವಾದ ಮಾತು! ಅಜ್ಜಿಯ ಮಂಚದ ಬಳಿ ಮಾತ್ರ ಆ ಎಚ್ಚರ ಯಾರಿಗೂ ನೆನಪಾಗಲಿಲ್ಲ. ಅಂದಿನಿಂದ ನಾನು ಅವರಿಗೆ ‘ಈ ರಾತ್ರಿ ನೋವಿಲ್ಲದೆ ನಿದ್ದೆ ಬರಲಿ’ ಎಂದಷ್ಟೇ ಹಾರೈಸುತ್ತಿದ್ದೆ.