ಗುಂಡ್ಯಾನ ಹಾಸಿಗೆ

ನಿನ್ನೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು ಮೊಬೈಲ್ ನನ್ನ ಮುಂದೆ ಹಿಡಿದರು. ಗಾಜಿನ ತೊಟ್ಟಿ, ಅದರ ತುಂಬ ಬೆಳ್ಳಗೆ ಮಿಂಚುವ ಮರಳು, ನಡುವೆ ನಿಂಬೆಹಣ್ಣಿನಷ್ಟು ಒಂದು ಆಮೆಮರಿ. "ಹೆಂಗೈತ್ರಿ ಮೇಡಂ?" ಅಂದರು. "ಮರಿ ಭಾಳ ಛಂದ ಐತ್ರಿ. ಮರಳು ಮಾತ್ರ ಇವತ್ತ ಸಂಜೀಕ ತಗದಬಿಡ್ರಿ" ಅಂದೆ. ಮುಖ ಸಣ್ಣದು ಮಾಡಿಕೊಂಡರು. ಬೆಲ್ ಹೊಡೆಯಿತು, ಕ್ಲಾಸಿಗೆ ಓಡಿದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಬೆಂಗಳೂರಿನ ನನ್ನ ತಮ್ಮ ತನ್ನ ಅಳಿಯನಿಗೆ, ಅಂದರೆ ನನ್ನ ಮಗನಿಗೆ ಅಂತ, ಒಂದು ಸುಲ್ಕಾಟಾ (ಆಫ್ರಿಕಾದ ನೆಲದ ಆಮೆ) ಮರಿ ತಂದುಕೊಟ್ಟ. ಮಗ ಅದಕ್ಕೆ ಗುಂಡ್ಯಾ ಅಂತ ಹೆಸರಿಟ್ಟ. ಮರಿಯ ಕೆಳಗೆ ಏನು ಹಾಸಬೇಕು ಅಂತ ಅಂಗಡಿಯೊಂದರಲ್ಲಿ (ಹೆಸರು ಬೇಡ ಬಿಡಿ) ಕೇಳಿದರೆ ಕ್ಯಾಲ್ಸಿಯಂ ಮರಳಿನ ಎರಡು ಪಾಕೀಟು ಕೊಟ್ಟರು. "ಇದು ಮರಳುಗಾಡಿನ ಪ್ರಾಣಿ ಮೇಡಂ. ತಿಂದ್ರೂ ಚಿಂತಿಲ್ಲ, ಹೊಟ್ಟ್ಯಾಗ ಕರಗಿ ಕ್ಯಾಲ್ಸಿಯಂ ಆಕ್ಕೈತಿ." ವಿಜ್ಞಾನ ಕಲಿಸುವವಳು ನಾನು. ತಲೆಯಾಡಿಸಿ ದುಡ್ಡು ಕೊಟ್ಟು ಬಂದೆ.

ಮೂರೇ ವಾರ. ಗುಂಡ್ಯಾ ತಿನ್ನುವುದು ಬಿಟ್ಟ. ಹಿಂಗಾಲು ಊರಿ ತಿಣುಕುತ್ತಾನೆ, ಏನೂ ಬರುವುದಿಲ್ಲ. ಇಲ್ಲಿ ಬಾಗಲಕೋಟೆಯಲ್ಲಿ ಆಮೆ ನೋಡುವ ಡಾಕ್ಟರು ಸಿಗದೆ ಬೆಳಗಾವಿಗೆ ಹೋದೆವು. ಎಕ್ಸ್‌ರೇ ನೋಡಿದರೆ ಹೊಟ್ಟೆಯೊಳಗೆ ಬೆಳ್ಳಗೆ ಒಂದು ಪಟ್ಟಿ. ದಿನಕ್ಕೆ ಎರಡು ಸಲ ಉಗುರುಬೆಚ್ಚಗಿನ ನೀರಿನಲ್ಲಿ ಕೂರಿಸಿ ಅಂದರು. ಆರನೆಯ ದಿನ ಸಂಜೆ ಬೋಗುಣಿಯ ತಳದಲ್ಲಿ ಮರಳಿನ ಒಂದು ಬತ್ತಿ ಬಿದ್ದಿತ್ತು. ಹಿಕ್ಕೆ ನೋಡಿ ನಾನು ಅಷ್ಟು ಸಂತೋಷಪಟ್ಟಿದ್ದು ಮಗ ಹುಟ್ಟಿದ ಹೊಸತರಲ್ಲಿ ಬಿಟ್ಟರೆ ಅದೇ.

ಆಗಿದ್ದು ಇಷ್ಟು. ಮೆಂತ್ಯೆಯೋ ದಾಸವಾಳದ ಎಲೆಯೋ ಹಸಿ ಇರುತ್ತದೆ, ಅದಕ್ಕೆ ಮರಳು ಮೆತ್ತುತ್ತದೆ, ತುತ್ತು ತುತ್ತಿಗೂ ಒಳಗೆ ಹೋಗುತ್ತದೆ. ಕರಗುವಷ್ಟು ಕರಗಬಹುದು, ಉಳಿದದ್ದು ಕರುಳಿನಲ್ಲಿ ಗಚ್ಚಿನ ಹಾಗೆ ಕೂರುತ್ತದೆ. ಒಣ ಮರಳಿನ ಮೇಲಿದ್ದ ಮರಿಯ ಮೈಯಲ್ಲಿ ನೀರಿನಂಶವೇ ಕಡಿಮೆಯಾಗಿರುತ್ತದೆ, ಹಾಗಾಗಿ ಇನ್ನಷ್ಟು ಬಿಗಿಯುತ್ತದೆ.

"ಮರಳುಗಾಡಿನ ಪ್ರಾಣಿ" ಅನ್ನುವ ಮಾತಿನ ಮೇಲೇ ನನಗೆ ಹೆಚ್ಚು ಸಿಟ್ಟು. ಅದು ಅರ್ಧ ಸತ್ಯ. ಸುಲ್ಕಾಟಾದ ಊರು ಆಫ್ರಿಕಾದ ಸಾಹೇಲ್, ಸಹಾರಾದ ದಕ್ಷಿಣದ ಅಂಚು. ಆದರೆ ಅದು ಅಲ್ಲಿ ದಿನವಿಡೀ ಬಿಸಿಲು ಕಾಯುತ್ತ ಮರಳ ಮೇಲೆ ಮಲಗಿರುವುದಿಲ್ಲ. ಬಿಲ ತೋಡಿ ಒಳಗೆ ಸೇರುತ್ತದೆ. ಬಿಲದ ಹವೆಯೇ ಬೇರೆ, ಅಲ್ಲಿ ತೇವ ಇರುತ್ತದೆ. ನಮ್ಮ ಕಡೆ ಹಗೇವು (ಕಾಳು ತುಂಬಿಡುವ ನೆಲದೊಳಗಿನ ಗುಂಡಿ) ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲೆ ಏನೇ ಬಿಸಿಲಿರಲಿ, ನೆಲದೊಳಗೆ ಇನ್ನೊಂದು ಋತು.

ಬಾಗಲಕೋಟೆಯ ಏಪ್ರಿಲ್ ಹೊತ್ತಿಗೆ ಗಾಳಿಯಲ್ಲಿ ಪಸೆಯೇ ಇರುವುದಿಲ್ಲ, ತುಟಿ ಒಡೆಯುತ್ತವೆ. ಆ ಗಾಳಿಯಲ್ಲಿ ಒಣ ಹಾಸಿಗೆಯ ಮೇಲೆ ಬೆಳೆದ ಮರಿಯ ಚಿಪ್ಪಿನ ಒಂದೊಂದು ಬಿಲ್ಲೆಯೂ ಗೋಪುರದಂತೆ ಮೇಲೇಳುತ್ತದೆ. ಮೊದಲೆಲ್ಲ ಇದಕ್ಕೆ ಹೆಚ್ಚು ಪ್ರೋಟೀನ್ ತಿನ್ನಿಸಿದ್ದೇ ಕಾರಣ ಅನ್ನುತ್ತಿದ್ದರು. 2003ರಲ್ಲಿ ಆಸ್ಟ್ರಿಯಾದ ಸಂಶೋಧಕರು ಸುಲ್ಕಾಟಾ ಮರಿಗಳನ್ನೇ ಬೇರೆ ಬೇರೆ ತೇವದಲ್ಲಿ, ಬೇರೆ ಬೇರೆ ಆಹಾರ ಕೊಟ್ಟು ಸಾಕಿ ನೋಡಿದರು. ಒಣ ಹವೆಯಲ್ಲಿದ್ದವುಗಳಿಗೇ ಗುಬ್ಬು ಜಾಸ್ತಿ ಎದ್ದಿತು, ಪ್ರೋಟೀನಿನ ಪಾತ್ರ ಅದರ ಮುಂದೆ ಸಣ್ಣದು. ಒಮ್ಮೆ ಎದ್ದ ಗುಬ್ಬು ಇಳಿಯುವುದಿಲ್ಲ. ಗುಂಡ್ಯಾನ ಬೆನ್ನ ಮೇಲೂ ಎರಡಿವೆ, ನನ್ನ ಆ ಮೂರು ವಾರದ ಮತ್ತು ಆಮೇಲಿನ ಎರಡು ತಿಂಗಳ ಪೇಪರಿನ ಗುರುತು.

ಹೌದು, ಮರಳಿಗೆ ಹೆದರಿ ನ್ಯೂಸ್‌ಪೇಪರ್ ಹಾಸಿದ್ದೆ. ಕಾಲು ಜಾರಿ ಅಗಲವಾಗತೊಡಗಿತು, ತೇವವೂ ನಿಲ್ಲಲಿಲ್ಲ. ಹಸಿರು ಪ್ಲಾಸ್ಟಿಕ್ ಹುಲ್ಲು ತಂದರೆ ಎಳೆ ಕಿತ್ತು ಜಗಿಯತೊಡಗಿದ. ಸಾ ಮಿಲ್ಲಿನ ಕಟ್ಟಿಗೆ ಹೊಟ್ಟು ಪುಕ್ಕಟೆ ಸಿಗುತ್ತದೆ ಅಂತ ಯಾರೋ ಅಂದರು. ಯಾವ ಮರದ್ದೋ, ಅದರಲ್ಲಿ ಪ್ಲೈವುಡ್ಡಿನ ಅಂಟು ಎಷ್ಟೋ, ದೂಳಂತೂ ಕಣ್ಣಿಗೆ ಮೂಗಿಗೆ. ಶೇಂಗಾ ಸಿಪ್ಪೆ ನೀರು ತಾಗಿದರೆ ಬೂಸ್ಟು ಹಿಡಿಯುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಅಪ್ಪ. ಊರಿಂದ ಬಂದವರು ಡಬ್ಬಿಯಲ್ಲಿ ಕೈ ಹಾಕಿ, "ಏನವಾ ಇದು, ಹಸೀನ ಇಲ್ಲಲ್ಲ" ಅಂದರು. ಅವರು ಹಿಂಗಾರಿ ಜೋಳ ಬಿತ್ತುವವರು. ಮಳೆ ನಿಂತ ಮೇಲೆ ಎರೆ ಮಣ್ಣಿನಲ್ಲಿ ಉಳಿದ ಹಸಿಯ ಮೇಲೇ ಬೆಳೆ ತೆಗೆಯುವವರು. ಬಿತ್ತುವ ಮೊದಲು ಮುಷ್ಟಿಯಲ್ಲಿ ಮಣ್ಣು ಹಿಂಡಿ ಹದ ನೋಡುತ್ತಾರೆ. ಉಂಡೆ ಕಟ್ಟಬೇಕು, ಕೈ ಒದ್ದೆಯಾಗಬಾರದು. ಆಮೆಮರಿಯ ಹಾಸಿಗೆಗೂ ಇದೇ ಅಳತೆ, ಬೇರೆ ಯಾವ ಸೂತ್ರವೂ ಬೇಡ.

ಹಾಗಂತ ಹೊಲದ ಎರೆ ಮಣ್ಣನ್ನೇ ತಂದು ಹಾಕಬೇಡಿ. ಹಸಿಯಾದರೆ ಕಾಲಿಗೆ ಮೆತ್ತುತ್ತದೆ, ಒಣಗಿದರೆ ಬಿರಿದು ಇಟ್ಟಿಗೆಯಾಗುತ್ತದೆ. ಮಸಾರಿ (ಕೆಂಪು) ಮಣ್ಣು ಮೆತ್ತಗಿದ್ದರೂ ನಮ್ಮ ಕಬ್ಬು, ದಾಳಿಂಬೆ ತೋಟಗಳಲ್ಲಿ ಹೊಡೆಯುವ ಔಷಧಿ ನೆನಪಿಸಿಕೊಂಡರೆ ನನಗೆ ಧೈರ್ಯ ಬರುವುದಿಲ್ಲ. ಬಾಗಲಕೋಟೆ ನವನಗರದ ನರ್ಸರಿಗಳಲ್ಲಿ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಸಿಗುತ್ತದೆ. ಗೊಬ್ಬರ ಬೆರೆಸಿದ್ದು ಬೇಡ ಅಂತ ಒತ್ತಿ ಹೇಳಿ. ಬಕೆಟ್ಟಿನಲ್ಲಿ ನೆನೆಸಿ, ಒಂದೆರಡು ನೀರು ತೊಳೆದು ಹಿಂಡಿ, ಏಕೆಂದರೆ ಕೆಲವದರಲ್ಲಿ ಉಪ್ಪಿನಂಶ ಇರುತ್ತದೆ. ಮೂರ್ನಾಲ್ಕು ಇಂಚು ದಪ್ಪ ಹಾಸಿ, ಮರಿ ಅದರೊಳಗೆ ಹುಗಿದುಕೊಳ್ಳುವಷ್ಟು. ಆಮೇಲೆ ನೀರನ್ನು ಮೇಲೆ ಚಿಮುಕಿಸುವ ಬದಲು ಮೂಲೆಗಳಲ್ಲಿ ಸುರಿಯಿರಿ. ತಳ ಹಸಿಯಾಗಿರುತ್ತದೆ, ಮೇಲ್ಪದರ ತುಸು ಆರಿರುತ್ತದೆ. ಮೇಲೆಲ್ಲ ರಾಡಿಯಾದರೆ ಹೊಟ್ಟೆಯ ಕಡೆಯ ಚಿಪ್ಪು ಕೊಳೆಯುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಕೋಕೋಪೀಟ್ ಕೂಡ ದೂಳೇ.

ತಿನ್ನಲು ಕೊಡುವುದು ಮಾತ್ರ ಕಲ್ಲಿನ ಮೇಲೆ. ಮನೆ ಕಟ್ಟುವಾಗ ಉಳಿದ ಫರ್ಸಿಯ ತುಂಡು ಇಟ್ಟಿದ್ದೇನೆ, ಉಗುರೂ ಸವೆಯುತ್ತವೆ. ಪಾಲಿಶ್ ಮಾಡಿದ ಇಳಕಲ್ಲ ಗ್ರಾನೈಟ್ ನೋಡಲು ಛಂದ, ಆದರೆ ಜಾರುತ್ತದೆ.

ಇನ್ನೊಂದು ಎಚ್ಚರ ಕೂಲರಿನದು, ಅದರ ಥಂಡಿ ಗಾಳಿ ತೊಟ್ಟಿಗೆ ತಾಗಬಾರದು. ಹಸಿ ಹಾಸಿಗೆಗೆ ಬೆಚ್ಚಗಿನ ಹವೆ ಜೊತೆಗಿರಲೇಬೇಕು. ರಾತ್ರಿಯೂ 27 ಡಿಗ್ರಿಗಿಂತ ಕೆಳಗೆ ಬಿಡಬೇಡಿ. ಹಸಿ ಮತ್ತು ಥಂಡಿ ಎರಡೂ ಸೇರಿದರೆ ಮೂಗು ಸೋರುತ್ತದೆ, ಎದೆಗೆ ಕಫ ಕಟ್ಟುತ್ತದೆ. ಆಷಾಢದ ಜಿಟಿಜಿಟಿ ಮಳೆಯ ದಿನಗಳಲ್ಲಿ ನಾನು ಬೆಳಕು ಕೊಡದ ಸೆರಾಮಿಕ್ ಹೀಟರ್ ಹಚ್ಚುತ್ತೇನೆ.

ಇಷ್ಟು ಓದಿ ಯಾರಾದರೂ ಹೊಲದಂಚಿನಲ್ಲಿ ಸಿಕ್ಕ ನಕ್ಷತ್ರ ಆಮೆಯನ್ನು ಮನೆಗೆ ತಂದೀರಿ ಮತ್ತೆ! 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಅರಣ್ಯ ಇಲಾಖೆಗೆ ತಿಳಿಸಿ. ಸುಲ್ಕಾಟಾ ಹೊರದೇಶದ್ದಾದರೂ 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ತಮ್ಮ ಅದನ್ನೂ ಮಾಡಿಸಿರಲಿಲ್ಲ, ನಾನೇ ಕುಳಿತು ಮಾಡಿಸಿದೆ. ದೊಡ್ಡದಾದ ಮೇಲೆ 40-50 ಕೆಜಿ ತೂಗುವ ಪ್ರಾಣಿ ಇದು, ನನಗಿಂತ ಹೆಚ್ಚು ಕಾಲ ಬದುಕುತ್ತದೆ. ಇದನ್ನು ಉಡುಗೊರೆ ಕೊಡುವವರ ಮೇಲೆ ನನಗಿರುವ ಅಭಿಪ್ರಾಯ ತಮ್ಮನಿಗೆ ಗೊತ್ತಿದೆ.

ಇವತ್ತು ಬೆಳಿಗ್ಗೆ ಸಹೋದ್ಯೋಗಿಯ ಫೋನ್. "ಮರಳು ತಗದೀನ್ರಿ ಮೇಡಂ. ಅಂಗಡ್ಯಾಂವ ವಾಪಸ್ ತಗೋತಾನೇನ್ರಿ?"

"ಇಲ್ಲರಿ. ನಮ್ಮ ಎರಡನೇ ಪಾಕೀಟ ನಮ್ಮವ್ವ ರಂಗೋಲಿ ಹಾಕಿ ಖಾಲಿ ಮಾಡಿದ್ಲು."